ಒಂದೇ ಗೆರೆ

ಕಳೆದ ಆಷಾಢದ ಒಂದು ಸಂಜೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಆ ಕಡೆಯ ಹೆಣ್ಣುಮಗಳು ತಮ್ಮ ಹೆಸರು ಹೇಳುವ ಮೊದಲು ಊರಿನ ಹೆಸರು ಹೇಳಿದರು. ನಾನು ಮೊದಲ ಸಂಬಳ ತೆಗೆದುಕೊಂಡ ಊರು ಅದು. ಮಲೆನಾಡಿನ ಸೆರಗಿನಲ್ಲಿರುವ ಪೇಟೆ, ಬಸ್‌ಸ್ಟ್ಯಾಂಡಿನ ಹಿಂದೆ ಅಡಿಕೆ ವಖಾರಿಗಳ ಸಾಲು.

"ಅಮ್ಮನ ಟ್ರಂಕಿನಲ್ಲಿ ಒಂದು ಶೇರು ಸರ್ಟಿಫಿಕೇಟ್ ಸಿಕ್ಕಿದೆ ಮೇಡಂ. ಅಡಿಕೆ ಸಂಘದ್ದು. ಅಮ್ಮನ ಹೆಸರಲ್ಲೇ ಇದೆ. ಅವಳು ಮೆಂಬರಾಗಿದ್ದಳು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಂಘ ಮುಚ್ಚಿಹೋಗಿದೆ, ಪುಸ್ತಕಗಳಿಗೆ ಗೆದ್ದಲು ಹಿಡಿದು ಮಣ್ಣಾಗಿವೆ ಅಂತಾರೆ. ಕಂಪ್ಯೂಟರಿಗೆ ಹತ್ತಿಸಿದವರು ನೀವು ಅಂತ ಯಾರೋ ನಂಬರು ಕೊಟ್ಟರು."

ಹಣಕ್ಕಾಗಿ ಕೇಳುತ್ತಿಲ್ಲ ಎಂದು ಎರಡು ಸಲ ಹೇಳಿದರು. ಅಮ್ಮ ತೀರಿಕೊಂಡು ಒಂದು ವರ್ಷವಾಗಿತ್ತು. ತೋಟ ಅಪ್ಪನ ಹೆಸರಲ್ಲಿ, ಮನೆ ಅಣ್ಣನ ಹೆಸರಲ್ಲಿ. ಆ ಕಾಗದದ ಮೇಲೆ ಮಾತ್ರ ಅಮ್ಮನ ಹೆಸರು. ಅದು ನಿಜವೇ ಎಂಬುದಷ್ಟೇ ಅವರಿಗೆ ತಿಳಿಯಬೇಕಿತ್ತು.

ಆ ಕಂಪ್ಯೂಟರ್ ಲೆಕ್ಕದ ಒಂದು ಪ್ರತಿ ನನ್ನ ಹತ್ತಿರ ಇತ್ತು. 1999ರಲ್ಲಿ ಸಂಘ ಹೊಸ ಸಾಫ್ಟ್‌ವೇರಿಗೆ ಹೋದಾಗ, ಹಳೆಯದರಲ್ಲಿ ಏನಾದರೂ ಬೇಕಾದರೆ ಇರಲಿ ಎಂದು ಕಾರ್ಯದರ್ಶಿಗಳೇ ಒಂದು ಸೆಟ್ಟು ಫ್ಲಾಪಿ ನನ್ನ ಕೈಗೆ ಕೊಟ್ಟಿದ್ದರು. ಬೇಕಾಗಲಿಲ್ಲ, ಯಾರೂ ಕೇಳಲಿಲ್ಲ. ಮಲೆನಾಡಿನ ಮಳೆಗಾಲ ಫ್ಲಾಪಿಗೆ ಶತ್ರು. ಡಿಸ್ಕಿನ ಮೇಲೆ ಬೂಷ್ಟು ಕೂರುತ್ತದೆ. ಹಾಗಾಗಿ ಅವನ್ನು ಸಿಡಿಗೆ ಹಾಕಿದೆ, ಸಿಡಿಯಿಂದ ಹಾರ್ಡ್ ಡಿಸ್ಕಿಗೆ, ಒಂದು ಹಾರ್ಡ್ ಡಿಸ್ಕಿನಿಂದ ಇನ್ನೊಂದಕ್ಕೆ. ಬಾಡಿಗೆ ಮನೆ ಬದಲಿಸುವಾಗ ಅಜ್ಜಿಯ ಕಾಲದ ಒಂದು ಹಿತ್ತಾಳೆ ಚೊಂಬನ್ನು ಹೊತ್ತುಕೊಂಡು ಹೋಗುವ ಹಾಗೆ, ಉಪಯೋಗ ಕೇಳದೆ ಹೊತ್ತುಕೊಂಡು ಬಂದೆ. ಒಂದು ಸಲವೂ ತೆರೆದು ನೋಡಿರಲಿಲ್ಲ.

ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆಗೆದು ಕೂತೆ. ಸಂಘದ ಪಟ್ಟಿಗಳನ್ನು ಇಟ್ಟಿದ್ದ ಹಳೆಯ ಡಾಸ್ ಪ್ರೋಗ್ರಾಮು ಡಿಬೇಸ್‌ನ ಮೇಲೆ ಎರಡು ಸಲ ಒತ್ತಿದರೆ, ಈ ಪ್ರೋಗ್ರಾಮ್ ನಿಮ್ಮ ಯಂತ್ರದಲ್ಲಿ ಓಡುವುದಿಲ್ಲ ಎಂಬ ಉತ್ತರ. ಅದು ನನಗೆ ಗೊತ್ತಿದ್ದದ್ದೇ. ಡಿಪ್ಲೊಮಾ ಕಾಲೇಜಿನಲ್ಲಿ ಇದನ್ನೇ ಮಕ್ಕಳಿಗೆ ಪಾಠ ಮಾಡುತ್ತೇನೆ. 16 ಬಿಟ್‌ನ ಡಾಸ್ ಪ್ರೋಗ್ರಾಮುಗಳನ್ನು ಓಡಿಸುವ ವ್ಯವಸ್ಥೆ 32 ಬಿಟ್‌ನ ವಿಂಡೋಸ್‌ನಲ್ಲಿ ಇತ್ತು, 64 ಬಿಟ್‌ನದರಲ್ಲಿ ಇಲ್ಲ. ಪ್ರೊಸೆಸರ್ 64 ಬಿಟ್‌ನ ರೀತಿಯಲ್ಲಿ ನಡೆಯುವಾಗ ಹಳೆಯ 8086ರ ವೇಷ ಹಾಕುವ ಅನುಕೂಲ ಅದಕ್ಕೆ ಸಿಗುವುದಿಲ್ಲ. ಆಗ ಇರುವ ದಾರಿ ಎಂದರೆ, ಹಳೆಯ ಯಂತ್ರವನ್ನೇ ಇಡಿಯಾಗಿ ಸಾಫ್ಟ್‌ವೇರಿನಲ್ಲಿ ಕಟ್ಟುವುದು. ಪ್ರೊಸೆಸರ್, ಪರದೆ, ಕೀಲಿಮಣೆ ಎಲ್ಲವನ್ನೂ ಲೆಕ್ಕದಲ್ಲೇ ಆಡಿಸುವುದು. 2002ರಲ್ಲಿ ಮೊದಲು ಹೊರಬಂದ ಡಾಸ್‌ಬಾಕ್ಸ್ ಮಾಡುವುದು ಅದನ್ನೇ. ಅದನ್ನು ಕಟ್ಟಿದವರ ಮನಸ್ಸಿನಲ್ಲಿ ಇದ್ದದ್ದು ಹಳೆಯ ಆಟಗಳು. ಅಡಿಕೆ ಲೆಕ್ಕವನ್ನೂ ಅದು ಅಷ್ಟೇ ಶ್ರದ್ಧೆಯಿಂದ ಓಡಿಸಿತು.

ಕಪ್ಪು ಕಿಟಕಿ ತೆರೆಯಿತು. ಹಳೆಯ ಫೋಲ್ಡರನ್ನು ಸಿ ಡ್ರೈವ್ ಎಂದು ತಿಳಿದುಕೋ ಎಂದು ಮೌಂಟ್ ಆಜ್ಞೆ ಕೊಟ್ಟೆ. ಡಿಬೇಸ್ ಎಂದು ಹೊಡೆದೆ. ಪರವಾನಗಿಯ ಪುಟ ಬಂತು, ಎಂಟರ್ ಒತ್ತಿದೆ. ಮೆನು ಬಂತು, ಎಸ್ಕೇಪ್ ಒತ್ತಿದೆ. ಇದ್ಯಾವುದನ್ನೂ ನಾನು ಯೋಚಿಸಿ ಮಾಡಲಿಲ್ಲ, ಬೆರಳು ಮಾಡಿತು. ಪರದೆ ಖಾಲಿಯಾಗಿ ಕೆಳಗಿನ ಎಡಮೂಲೆಯಲ್ಲಿ ಒಂದು ಚುಕ್ಕಿ ನಿಂತಿತು. ಡಿಬೇಸ್‌ನಲ್ಲಿ ಕೆಲಸ ಮಾಡಿದವರಿಗೆ ಆ ಚುಕ್ಕಿ ಗೊತ್ತು. ಏನು ಮಾಡಬೇಕು ಎಂದು ಅದು ಹೇಳುವುದಿಲ್ಲ. ನಿಮಗೆ ಏನು ಬೇಕು ಎಂದು ಕಾಯುತ್ತದೆ.

ಆ ಚುಕ್ಕಿಯ ಮುಂದೆ ನನಗೆ ಇಪ್ಪತ್ತಮೂರು ವರ್ಷ.

1993ರ ಜೂನ್‌ನಲ್ಲಿ ಅಲ್ಲಿ ಸೇರಿದೆ. ಇಂಗ್ಲಿಷ್ ಟೈಪಿಂಗ್ ಸೀನಿಯರ್, ಕನ್ನಡ ಟೈಪಿಂಗ್ ಜೂನಿಯರ್, ಆರು ತಿಂಗಳ ಕಂಪ್ಯೂಟರ್ ಕೋರ್ಸು. ಸಂಘದವರು ಒಂದು 386 ಯಂತ್ರ ತಂದಿದ್ದರು, ಹಾರ್ಡ್ ಡಿಸ್ಕ್ 40 ಎಂಬಿ. ಅದಕ್ಕೆ ಪ್ರತ್ಯೇಕ ಕೋಣೆ, ಬಾಗಿಲ ಹೊರಗೆ ಚಪ್ಪಲಿ ಬಿಡಬೇಕು. ಫ್ಲಾಪಿಗಳನ್ನು ಇಟ್ಟಿದ್ದ ಕಪಾಟಿನೊಳಗೆ ಮಳೆಗಾಲ ಪೂರ್ತಿ ಒಂದು ಬಲ್ಬು ಉರಿಯುತ್ತಿತ್ತು, ತೇವ ಹಿಡಿಯದಿರಲಿ ಎಂದು. ರಾತ್ರಿ ಅಂಗಳದಿಂದ ನೋಡಿದರೆ ಕಪಾಟಿನ ಸಂದಿಯಲ್ಲಿ ಹಳದಿ ಗೆರೆ ಕಾಣುತ್ತಿತ್ತು, ದೇವರ ಕೋಣೆಯ ಹಾಗೆ.

ಯಂತ್ರಕ್ಕಿಂತ ದೊಡ್ಡದು ಅದರ ಬೆನ್ನಿಗೆ ಸಿಕ್ಕಿಸಿದ್ದ ಕಾರ್ಡು. ಜಿಸ್ಟ್ ಕಾರ್ಡು. ಕಾನ್ಪುರದ ಐಐಟಿಯಲ್ಲಿ ಹುಟ್ಟಿ, ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ತಂತ್ರ. ಇವತ್ತಿನವರಿಗೆ ಅದರ ಬೆಲೆ ತಿಳಿಯಬೇಕಾದರೆ ಆಗಿನ ಪರದೆಯ ಸ್ವರೂಪ ತಿಳಿಯಬೇಕು. 25 ಸಾಲು, ಸಾಲಿಗೆ 80 ಮನೆ. ಒಟ್ಟು 2000 ಮನೆ. ಒಂದೊಂದು ಮನೆಗೆ ಎರಡೆರಡು ಬೈಟು: ಒಂದು ಯಾವ ಅಕ್ಷರ ಎಂದು, ಇನ್ನೊಂದು ಯಾವ ಬಣ್ಣ ಎಂದು. ಇಡೀ ಪರದೆ ಎಂದರೆ 4000 ಬೈಟು, ಅಷ್ಟೆ. ಅಕ್ಷರದ ಬೈಟಿನಲ್ಲಿ 256 ಬಗೆ ಮಾತ್ರ ಸಾಧ್ಯ. ಮೊದಲ 128ರಲ್ಲಿ ಇಂಗ್ಲಿಷ್ ಮತ್ತು ಅಂಕಿ. ಉಳಿದ 128ರಲ್ಲಿ ಐಬಿಎಂನವರು ಯುರೋಪಿನ ಕೆಲವು ಅಕ್ಷರ, ಗ್ರೀಕ್ ಚಿಹ್ನೆ, ಮತ್ತು ಕೋಷ್ಟಕದ ಚೌಕಟ್ಟು ಎಳೆಯಲು ಬೇಕಾದ ಗೆರೆ ಮೂಲೆಗಳನ್ನು ತುಂಬಿದ್ದರು. ಕನ್ನಡಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಜಿಸ್ಟ್ ಕಾರ್ಡು ಮಾಡಿದ್ದೇನೆಂದರೆ, ಆ ಮೇಲಿನ 128ರ ಮನೆಯೊಳಗೆ ಭಾರತದ ಅಕ್ಷರಗಳನ್ನು ಕೂರಿಸಿದ್ದು. ಇಸ್ಕಿ ಎಂದು ಆ ಜೋಡಣೆಯ ಹೆಸರು. 1991ರಲ್ಲಿ ಭಾರತೀಯ ಮಾನಕ ಆಯಿತು. ಡಿಬೇಸ್‌ಗೆ ಕನ್ನಡ ಗೊತ್ತಿರಲಿಲ್ಲ, ಗೊತ್ತಾಗುವ ಅಗತ್ಯವೂ ಇರಲಿಲ್ಲ. ಅದು ಬೈಟು ಕಳಿಸುತ್ತಿತ್ತು, ಕಾರ್ಡು ನಡುವೆ ನಿಂತು ಅದನ್ನು ಹಿಡಿದು ಕ ಎಂದೋ ಮ ಎಂದೋ ಬರೆಯುತ್ತಿತ್ತು, ಒತ್ತಕ್ಷರವನ್ನು ಅದರ ಜಾಗಕ್ಕೆ ಇಳಿಸುತ್ತಿತ್ತು. ಕೀಲಿಮಣೆ ಇನ್‌ಸ್ಕ್ರಿಪ್ಟ್: ಸ್ವರ ಎಡಗೈಗೆ, ವ್ಯಂಜನ ಬಲಗೈಗೆ. ಎರಡು ಕೈ ಸರದಿಯಂತೆ ಬೀಳುತ್ತಾ ಹೋದರೆ ಒನಕೆ ಕುಟ್ಟುವ ಲಯ ಬರುತ್ತದೆ. ಎಡಗೈಯ ನಡುಬೆರಳು ಒತ್ತಿದರೆ ಅರ್ಧಾಕ್ಷರದ ಗುರುತು, ಅದರ ಮೇಲೆ ಇನ್ನೊಂದು ವ್ಯಂಜನ ಬಿದ್ದೊಡನೆ ಒತ್ತು ಕೆಳಗಿಳಿಯುತ್ತದೆ. ಅದನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣು ತೇವವಾಗಿತ್ತು. ನಮ್ಮಪ್ಪ ಪೋಸ್ಟ್‌ಕಾರ್ಡಿನಲ್ಲಿ ಬರೆಯುವ ಅಕ್ಷರಗಳೇ ಗಾಜಿನ ಹಿಂದೆ ಬೆಳಕಾಗಿ ನಿಂತಿದ್ದವು.

ಕೋಣೆಯ ಹೊರಗೆ, ಜಗಲಿಗೆ ತಾಗಿದ ಮೇಜಿನ ಹಿಂದೆ, ಹಿರಿಯ ಗುಮಾಸ್ತರು ಕೂರುತ್ತಿದ್ದರು. ಮೂವತ್ತು ವರ್ಷದಿಂದ ಸಂಘದ ಕಿರ್ದಿ, ಖಾತೆ ಎರಡೂ ಅವರದ್ದೇ ಕೈ. ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ದಿನದ ಮೊದಲ ಪುಟದ ನೆತ್ತಿಯಲ್ಲಿ ಶ್ರೀ ಬರೆದು ಆರಂಭ ಶಿಲ್ಕು ಹಾಕುವವರು, ಸಂಜೆ ಅಖೈರು ಶಿಲ್ಕು ತಾಳೆಯಾಗದೆ ಏಳದವರು. ಅಡಿಕೆ ಚೀಲ ಬಂದಾಗ ಮೂಸಿ ನೋಡಿಯೇ ಸರಕೋ ಬೆಟ್ಟೆಯೋ ರಾಶಿಯೋ ಗೊರಬಲೋ ಹೇಳುತ್ತಿದ್ದರು. ಸದಸ್ಯರ ನಂಬರು ಕೇಳುತ್ತಿರಲಿಲ್ಲ. ಮುಖ ನೋಡಿ ಪುಟ ತೆಗೆಯುತ್ತಿದ್ದರು.

ನಾನು ಅವರ ಪುಸ್ತಕಗಳನ್ನು ಕಂಪ್ಯೂಟರಿಗೆ ಹತ್ತಿಸಬೇಕಿತ್ತು. ಅವರು ಓದಿ ಹೇಳಬೇಕು, ನಾನು ಒತ್ತಬೇಕು. ಮೂರು ತಿಂಗಳು ಹಾಗೆ ನಡೆಯಿತು. ಅವರು ಬರೀ ಹೆಸರು ಓದುತ್ತಿರಲಿಲ್ಲ. "ಇವರ ತೋಟ ಹೊಳೆಯಾಚೆ, ಕೊಳೆ ಬಂದು ಹೋಯ್ತು ಹೋದ್ವರ್ಷ," "ಇವರು ಪಾಪ, ಮಗಳ ಮದುವೆಗೆ ಮುಂಗಡ ತಗೊಂಡದ್ದು" ಎಂದು ಸೇರಿಸುತ್ತಿದ್ದರು. ನನಗೆ ಅದು ತಡ ಅನ್ನಿಸುತ್ತಿತ್ತು. ಕೈ ಕೀಲಿಯ ಮೇಲೆ ಕಾಯುತ್ತಾ ಕೂತಿರುತ್ತಿತ್ತು. "ಹೆಸರು, ನಂಬರು ಸಾಕು" ಎಂದು ಒಂದು ದಿನ ಹೇಳಿಯೇ ಬಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿದರು. ಮರುದಿನದಿಂದ ಹೆಸರು, ನಂಬರು ಮಾತ್ರ ಓದಿದರು. ನನಗೆ ಸಮಾಧಾನವಾಯಿತು. ಆ ಸಮಾಧಾನ ಈಗ ನೆನಪಾದರೆ ಮೈ ಹಿಡಿಯಾಗುತ್ತದೆ.

ಹೆಸರಿನ ಅಂಕಣಕ್ಕೆ ನಾನು 20 ಬೈಟು ಇಟ್ಟಿದ್ದೆ. ಕೋರ್ಸಿನಲ್ಲಿ ಹಾಗೇ ಹೇಳಿಕೊಟ್ಟಿದ್ದರು, ಇಂಗ್ಲಿಷಿನ ಹೆಸರುಗಳ ಅಂದಾಜಿನಲ್ಲಿ. ಕನ್ನಡದಲ್ಲಿ ಕಣ್ಣಿಗೆ ಒಂದಾಗಿ ಕಾಣುವ ಅಕ್ಷರ ಒಳಗೆ ಮೂರೋ ನಾಲ್ಕೋ ಬೈಟು ತಿನ್ನುತ್ತದೆ. ಲಕ್ಷ್ಮಮ್ಮ ಎಂಬ ಹೆಸರನ್ನು ಬಿಡಿಸಿ: ಲ, ಕ, ಅರ್ಧಾಕ್ಷರದ ಗುರುತು, ಷ, ಮತ್ತೆ ಗುರುತು, ಮ, ಮ, ಗುರುತು, ಮ. ಒಂಬತ್ತು. ಹೆಂಗಸರ ಹೆಸರಿನ ಮುಂದೆ ಕೋಂ ಬರುತ್ತದೆ, ಅದರ ಮುಂದೆ ಗಂಡನ ಹೆಸರು. ಲಕ್ಷ್ಮಮ್ಮ ಕೋಂ ತಿಮ್ಮಪ್ಪ ಎಂದು ಬರೆಯಲು 22 ಬೈಟು ಬೇಕು. ನನ್ನ ಅಂಕಣದಲ್ಲಿ ಅದು ತಿಮ್ಮಪ ಎಂದು ನಿಂತುಬಿಡುತ್ತದೆ, ಕೊನೆಯ ಒತ್ತು ಉದುರಿ.

ಮೊದಲ ಪಟ್ಟಿ ಮುದ್ರಿಸಿದ ದಿನ ಗುಮಾಸ್ತರು ಅದನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತರು, ಚಪ್ಪಲಿ ಬಿಟ್ಟು. ಮುದ್ರಣವೆಂದರೆ ಆಗ ಡಾಟ್ ಮ್ಯಾಟ್ರಿಕ್ಸ್. ಕನ್ನಡವನ್ನು ಅದು ಚಿತ್ರ ಬರೆದ ಹಾಗೆ ಬರೆಯಬೇಕು, ಒಂದು ಪುಟಕ್ಕೆ ಒಂದು ಕಾಫಿ ಕುಡಿದು ಬರಬಹುದು. "ಇವರ ಯಜಮಾನರ ಹೆಸರಿನ ಬಾಲ ಎಲ್ಲಿ ಹೋಯ್ತಮ್ಮ?" ಎಂದರು.

"ಕಂಪ್ಯೂಟರಿಗೆ ಇಷ್ಟೇ ಹಿಡಿಸೋದು ಸಾರ್" ಎಂದೆ.

ಅದು ಸುಳ್ಳು. ಡಿಬೇಸ್‌ನಲ್ಲಿ ಒಂದು ಅಂಕಣಕ್ಕೆ 254 ಬೈಟಿನವರೆಗೆ ಕೊಡಬಹುದಿತ್ತು. ರಚನೆ ಬದಲಿಸುವ ಆಜ್ಞೆ ಇತ್ತು, ಅದು ನನಗೂ ಗೊತ್ತಿತ್ತು. ಬದಲಿಸಿದರೆ ತುಂಡಾದ ಹೆಸರುಗಳನ್ನೆಲ್ಲ ಮತ್ತೆ ಹುಡುಕಿ ತಿದ್ದಬೇಕು, ಅವರ ಪಕ್ಕ ಮತ್ತೆ ಕೂರಬೇಕು. ಬೇಡವೆನಿಸಿತು. ಯಂತ್ರದ ಮೇಲೆ ಹಾಕಿ ನುಣುಚಿಕೊಂಡೆ. ಅವರು ನಂಬಿದರು, ಅಥವಾ ನಂಬಿದ ಹಾಗೆ ಮಾಡಿದರು. ಆಮೇಲೆ ಬೇರೆ ಬೇರೆ ಕಡೆ ಮೂವತ್ತು ವರ್ಷ ಈ ಕೆಲಸ ಮಾಡಿದ್ದೇನೆ. ಕಂಪ್ಯೂಟರ್ ಒಪ್ಪುವುದಿಲ್ಲ ಎಂದು ಕೌಂಟರಿನ ಆಚೆಗಿನವರಿಗೆ ಹೇಳುವ ಮಾತಿನ ಹಿಂದೆ ಬಹುಪಾಲು ನನ್ನಂಥ ಒಬ್ಬರು ಇರುತ್ತಾರೆ. ಇದನ್ನು ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತೇನೆ, ನನ್ನ ಹೆಸರು ಹಿಡಿದೇ ಹೇಳುತ್ತೇನೆ.

ಲ್ಯಾಪ್‌ಟಾಪಿನ ಚುಕ್ಕಿಯ ಮುಂದೆ ಯೂಸ್ ಸದಸ್ಯ ಎಂದು ಹೊಡೆದೆ. ಆಮೇಲೆ ಲಿಸ್ಟ್. ಇಡೀ ಪಟ್ಟಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹರಿದುಹೋಯಿತು. ಆಗ ಆ 386ರಲ್ಲಿ ಇದೇ ಪಟ್ಟಿಯನ್ನು ಹೆಸರಿನ ಪ್ರಕಾರ ಜೋಡಿಸಲು ಬಿಟ್ಟು ನಾವು ಹೊರಗೆ ಹೋಗಿ ಬರುತ್ತಿದ್ದೆವು. ಡಾಸ್‌ಬಾಕ್ಸ್‌ನಲ್ಲಿ ಕಂಟ್ರೋಲ್ ಮತ್ತು ಎಫ್11 ಒತ್ತಿದರೆ ಒಳಗಿನ ಯಂತ್ರದ ವೇಗ ಇಳಿಯುತ್ತದೆ. ಒತ್ತುತ್ತಾ ಹೋದೆ. ಸಾಲುಗಳು ಹಳೆಯ ನಡಿಗೆಗೆ ಬಂದವು, ಒಂದರ ಕೆಳಗೊಂದು ಏಳುತ್ತಾ ಮೇಲಕ್ಕೆ ಸರಿದವು.

ಆದರೆ ಕನ್ನಡ ಇರಲಿಲ್ಲ.

ಇರಬೇಕಾದ ಕಡೆಯಲ್ಲೆಲ್ಲ ಮುರಿದ ಕಿಟಕಿ ಸರಳುಗಳು. ಗೆರೆ, ಅಡ್ಡಗೆರೆ, ಮೂಲೆ, ಜೋಡಿಗೆರೆ, ನಡುನಡುವೆ ಒಂದೊಂದು ಗ್ರೀಕ್ ಅಕ್ಷರ. ಕಾರಣ ಹೊಳೆಯಲು ಹೊತ್ತು ಹಿಡಿಯಲಿಲ್ಲ. ಡಾಸ್‌ಬಾಕ್ಸ್ ಯಂತ್ರವನ್ನು ಕಟ್ಟಿತ್ತು, ಅದರ ಬೆನ್ನಿನ ಕಾರ್ಡನ್ನು ಕಟ್ಟಿರಲಿಲ್ಲ. ಅಂಥದೊಂದು ಕಾರ್ಡು ಇತ್ತೆಂದು ಅದಕ್ಕೇನು ಗೊತ್ತು? ಬೈಟುಗಳು ಒಂದೂ ಕಳೆದಿರಲಿಲ್ಲ. 179 ಎಂಬ ಬೈಟನ್ನು ನಾನು 1993ರಲ್ಲಿ ಕ ಎಂದು ಒತ್ತಿದ್ದೆ; ಈ ಪರದೆ ಅದನ್ನು ಐಬಿಎಂನ ಪಟ್ಟಿಯಂತೆ ನೆಟ್ಟನೆಯ ಗೆರೆ ಎಂದು ಓದುತ್ತಿತ್ತು. ದ ಅಡ್ಡಗೆರೆ. ಡ ಬಲಗಡೆಯ ಮೇಲಿನ ಮೂಲೆ. ಇ ಕಾರದ ಗುಣಿತ ಇಡೀ ಮನೆ ತುಂಬಿದ ಇಟ್ಟಿಗೆ. ಮೂರು ತಿಂಗಳು ಒಬ್ಬರು ಓದಿ ಒಬ್ಬರು ಬರೆದ ಊರಿನ ಹೆಸರುಗಳೆಲ್ಲ ಯಾರೋ ಕಟ್ಟಲು ಹೊರಟು ಬಿಟ್ಟುಹೋದ ಕೋಷ್ಟಕದ ಹಾಗೆ ಬಿದ್ದಿದ್ದವು. ಅಂಕಿಗಳು ಮಾತ್ರ ಸ್ವಚ್ಛ: ಸದಸ್ಯರ ನಂಬರು, ಸೇರಿದ ತಾರೀಖು, ಒಟ್ಟು ಕಿಲೋ.

ಬೇರೆ ಅಕ್ಷರವಿನ್ಯಾಸ ತುಂಬಿದರೆ ಆಗುತ್ತದೆಯೇ ಎಂದು ಯೋಚಿಸಿದೆ. ಆ ಪರದೆಗೆ ಹೊಸ ಆಕೃತಿಗಳನ್ನು ಕೊಡಬಹುದು, ಅದು ಹಳೆಯ ವಿದ್ಯೆ. ಆದರೆ ಒಂದು ಬೈಟಿಗೆ ಒಂದು ಮನೆ, ಒಂದು ಮನೆಗೆ ಒಂದು ಆಕೃತಿ ಎಂಬ ಕಟ್ಟಳೆಯಲ್ಲಿ ಮ, ಗುರುತು, ಮ ಎಂದು ಮೂರು ತುಂಡು ಪಕ್ಕಪಕ್ಕ ನಿಲ್ಲುತ್ತವೆಯೇ ಹೊರತು ಮ್ಮ ಆಗುವುದಿಲ್ಲ. ಒತ್ತನ್ನು ಇಳಿಸುವ ಬುದ್ಧಿ ಆ ಕಾರ್ಡಿನಲ್ಲಿತ್ತು.

ಸುಮ್ಮನೆ ನೋಡುತ್ತಾ ಕೂತೆ. ಸಾಲುಗಳು ನಿಧಾನ ಏಳುತ್ತಿದ್ದವು. ಆಗ ಎರಡು ವಿಷಯ ಕಣ್ಣಿಗೆ ಬಿದ್ದವು.

ಮೊದಲನೆಯದು, ಕೆಲವು ಸಾಲುಗಳಲ್ಲಿ ನಂಬರಿನ ಪಕ್ಕ ಒಂದು ನಕ್ಷತ್ರ. ಡಿಬೇಸ್‌ನಲ್ಲಿ ಡಿಲೀಟ್ ಎಂದರೆ ಅಳಿಸುವುದಲ್ಲ. ಪ್ರತಿ ದಾಖಲೆಯ ಮುಂದೆ ಒಂದು ಬೈಟಿನ ಜಾಗವಿರುತ್ತದೆ, ಸಾಮಾನ್ಯವಾಗಿ ಖಾಲಿ. ಡಿಲೀಟ್ ಎಂದರೆ ಅಲ್ಲಿ ಒಂದು ನಕ್ಷತ್ರ ಬೀಳುತ್ತದೆ. ಉಳಿದದ್ದೆಲ್ಲ ಇದ್ದಲ್ಲೇ ಇರುತ್ತದೆ. ರೀಕಾಲ್ ಎಂದರೆ ನಕ್ಷತ್ರ ಹೋಗಿ ದಾಖಲೆ ಮರಳುತ್ತದೆ. ಪ್ಯಾಕ್ ಎಂಬ ಇನ್ನೊಂದು ಆಜ್ಞೆ ಇದೆ. ಅದನ್ನು ಕೊಟ್ಟರೆ ಮಾತ್ರ ನಕ್ಷತ್ರ ಬಿದ್ದ ಸಾಲುಗಳು ನಿಜವಾಗಿ ಹೋಗುತ್ತವೆ, ಫೈಲು ಚಿಕ್ಕದಾಗುತ್ತದೆ, ಮರಳುವ ದಾರಿ ಮುಚ್ಚುತ್ತದೆ.

ಎರಡನೆಯದು, ನಕ್ಷತ್ರ ಬಿದ್ದ ಸಾಲುಗಳಲ್ಲಿ ಒಂದೇ ಆಕೃತಿ ಮತ್ತೆ ಮತ್ತೆ ಬರುತ್ತಿತ್ತು. ಜೋಡಿ ನೆಟ್ಟಗೆರೆ, ಅದರಿಂದ ಬಲಕ್ಕೆ ಚಾಚಿದ ಜೋಡಿ ಕೈ. ಆಮೇಲೆ ನಡುವೆ ಗೆರೆ ಸೀಳಿದ ಒಂದು ವೃತ್ತ, ಗ್ರೀಕರ ಫೈ ಅಕ್ಷರ. ಆಮೇಲೆ ಮತ್ತೆ ಅದೇ ಜೋಡಿಗೆರೆ, ಅದೇ ಕೈ. ಅದರ ನಂತರ ಒಂದು ಖಾಲಿ ಜಾಗ. ನಕ್ಷತ್ರವಿಲ್ಲದ ಸಾಲುಗಳಲ್ಲಿ ಆ ಜಾಗದಲ್ಲಿ ಹೆಚ್ಚಾಗಿ ಬೇರೆಯದು: ಎಡಗಡೆಯ ಕೆಳಮೂಲೆ, ಸೀಳಿದ ವೃತ್ತ, ಮತ್ತೆ ಅದೇ ಮೂಲೆ.

ಇಸ್ಕಿಯ ಪಟ್ಟಿ ತೆಗೆದು ಪಕ್ಕದಲ್ಲಿಟ್ಟುಕೊಂಡೆ. ಸೀಳಿದ ವೃತ್ತ 232, ಅದು ಅರ್ಧಾಕ್ಷರದ ಗುರುತು. ಕೆಳಮೂಲೆ 200, ಅದು ಪ. ಕೈ ಚಾಚಿದ ಜೋಡಿಗೆರೆ 204, ಅದು ಮ.

ಪ್ಪ. ಮ್ಮ.

ನಕ್ಷತ್ರ ಬಿದ್ದವರು ಹೆಂಗಸರು. ಎಲ್ಲರೂ ಅಲ್ಲ, ಬಹುಪಾಲು. ಕನ್ನಡ ಓದಲು ಬಾರದ ಒಂದು ಪರದೆ, ಹೆಸರುಗಳನ್ನು ಮುಚ್ಚಿ ಬರೀ ಆಕಾರ ತೋರಿಸಿದ್ದರಿಂದ ನನಗೆ ಅದು ಕಂಡಿತು. ಆ ಪಟ್ಟಿಯನ್ನು ಕನ್ನಡದಲ್ಲಿ ನಾನು ಎಷ್ಟೋ ಸಲ ಮುದ್ರಿಸಿದ್ದೆ. ಆಗ ಕಂಡಿರಲಿಲ್ಲ.

ನಕ್ಷತ್ರ ಹಾಕಿದವಳು ನಾನೇ. 1997ರ ಮಾರ್ಚ್. ವಾರ್ಷಿಕ ಸಭೆಗೆ ನೋಟಿಸು ಕಳಿಸುವ ಖರ್ಚು ಹೆಚ್ಚಾಯಿತು, ವ್ಯವಹಾರವಿಲ್ಲದ ಸದಸ್ಯರನ್ನು ಪಟ್ಟಿಯಿಂದ ಬಿಡಬೇಕು ಎಂದು ತೀರ್ಮಾನವಾಗಿತ್ತು. ಎರಡು ವರ್ಷದಲ್ಲಿ ಒಟ್ಟು 50 ಕಿಲೋಗಿಂತ ಕಡಿಮೆ ತಂದವರು ವ್ಯವಹಾರವಿಲ್ಲದವರು. ನಾನು ಚುಕ್ಕಿಯ ಮುಂದೆ ಒಂದೇ ಸಾಲು ಹೊಡೆದೆ: ಡಿಲೀಟ್, ಒಟ್ಟು 50ಕ್ಕಿಂತ ಕಡಿಮೆ ಇದ್ದರೆ. ಇಷ್ಟು ದಾಖಲೆ ಡಿಲೀಟ್ ಆದವು ಎಂದು ಸಂಖ್ಯೆ ತೋರಿಸಿತು. ಗುಮಾಸ್ತರಾಗಿದ್ದರೆ ಪುಟ ಪುಟ ತಿರುವಿ ವಾರ ಹಿಡಿಯುತ್ತಿದ್ದ ಕೆಲಸ. ಗರ್ವದಿಂದಲೇ ಹೋಗಿ ಸಂಖ್ಯೆ ಹೇಳಿದೆ.

"ಯಾರ್ಯಾರು?" ಎಂದರು.

ಸಂಖ್ಯೆ ಮತ್ತೆ ಹೇಳಿದೆ.

"ಅದಲ್ಲಮ್ಮ. ಯಾರು ಯಾರು?"

ನನ್ನಲ್ಲಿ ಉತ್ತರವಿರಲಿಲ್ಲ. ಪಟ್ಟಿ ಮುದ್ರಿಸಿ ತಂದುಕೊಟ್ಟೆ. ಅವರು ಬೆರಳಿಟ್ಟುಕೊಂಡು ಓದಿದರು. ನಾಲ್ಕು ವರ್ಷದ ಹಿಂದೆ ನಾನು ನಿಲ್ಲಿಸಿದ್ದನ್ನು ಆ ದಿನ ಮತ್ತೆ ಶುರುಮಾಡಿದರು, ಸ್ವಲ್ಪ ಜೋರಾಗಿ. ಇವರು ಗಂಡ ಸತ್ತವರು. ಇವರಿಗೆ ತೋಟವಿಲ್ಲ, ಕೊಯ್ಲಾದ ಮೇಲೆ ಬುಡದಲ್ಲಿ ಉದುರಿದ್ದನ್ನು ಹೆಕ್ಕಿ ಒಣಗಿಸಿ ತರುವವರು. ಇವರಿಗೆ ತೋಟ ಇದೆ, ಆದರೆ ಉದುರಡಿಕೆ ಮಾತ್ರ ಇವರ ಕೈಗೆ. ಬರುವುದು ವರ್ಷಕ್ಕೆ ಎರಡು ಸಲ, ಗೋಣಿಯಲ್ಲ, ಕೈಚೀಲ. ಕಣದಲ್ಲಿ ಗುಡಿಸಿದ ಅಡಿಕೆ, ಗೊರಬಲು ದರಕ್ಕಷ್ಟೇ ಹೋಗುವಂಥದ್ದು. "ಅವರು ಶೇರು ಹಣ ಕಟ್ಟಿದ್ದಾರೆ. ಒಂದು ರೂಪಾಯಿ, ಎರಡು ರೂಪಾಯಿ ಸೇರಿಸಿ ಕಟ್ಟಿದ್ದು. ನಾನೇ ರಸೀದಿ ಬರೆದದ್ದು."

ತೀರ್ಮಾನವನ್ನು ಬದಲಿಸುವುದು ಅವರ ಕೈಯಲ್ಲಿರಲಿಲ್ಲ, ನನ್ನ ಕೈಯಲ್ಲೂ. ಆದರೆ ಡಿಸ್ಕಿನಲ್ಲಿ ಜಾಗ ಕಡಿಮೆಯಿತ್ತು, ಸಂಜೆ ಪ್ಯಾಕ್ ಕೊಡುತ್ತೇನೆ ಎಂದು ಹೇಳಿದ್ದೆ. ಪ್ಯಾಕ್ ಎಂದರೇನು ಎಂದು ಕೇಳಿದರು. ವಿವರಿಸಿದೆ. ಅವರು ತಮ್ಮ ಖಾತೆ ಪುಸ್ತಕ ತೆಗೆದು ಒಂದು ಪುಟ ತೋರಿಸಿದರು. ಅಲ್ಲಿ ಒಂದು ನಮೂದು ತಪ್ಪಾಗಿತ್ತು. ಅದರ ಮೇಲೆ ಕೆಂಪು ಶಾಯಿಯ ಒಂದೇ ಗೆರೆ, ಅಡಿಪಟ್ಟಿ ಇಟ್ಟು ಎಳೆದದ್ದು, ಪಕ್ಕದಲ್ಲಿ ಸಹಿ. ಕೆಳಗಿನ ಅಕ್ಷರ ಅಂಕಿ ಎಲ್ಲ ಓದಲು ಬರುತ್ತಿತ್ತು.

"ಲೆಕ್ಕದಲ್ಲಿ ಹೊಡೆಯೋದಾದ್ರೆ ಒಂದೇ ಗೆರೆ ಹೊಡೀಬೇಕು. ಹೊಡೆದದ್ದು ಏನು ಅಂತ ನಾಳೆ ಬಂದವನಿಗೆ ಕಾಣಬೇಕು. ಕೆರೆದು ತೆಗೆದರೆ ಅದು ಕಳ್ಳಲೆಕ್ಕ. ನಿನ್ನ ಆ ನಕ್ಷತ್ರ ಇರಲಿ. ಇನ್ನೊಂದು ಮಾಡಬೇಡ."

ಆ ಜೂನ್‌ನಲ್ಲಿ ಅವರು ನಿವೃತ್ತರಾದರು. ಹಾರ ಹಾಕಿ, ಶಾಲು ಹೊದಿಸಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದೆವು. ಅವರ ಮೇಜನ್ನು ಒಳಗೆ ತಂದು ಪ್ರಿಂಟರ್ ಇಟ್ಟೆವು. ಎರಡು ವರ್ಷದ ನಂತರ ನಾನೂ ಆ ಊರು ಬಿಟ್ಟೆ. ಅವರು ತೀರಿಕೊಂಡ ಸುದ್ದಿ ಬಹಳ ತಡವಾಗಿ ತಿಳಿಯಿತು. ಪ್ಯಾಕ್ ಮಾತ್ರ ಯಾವತ್ತೂ ಕೊಡಲಿಲ್ಲ. ಡಿಸ್ಕು ತುಂಬಿದಾಗ ಬೇರೆ ಏನನ್ನಾದರೂ ಫ್ಲಾಪಿಗೆ ಸಾಗಿಸುತ್ತಿದ್ದೆ. ಗೌರವದಿಂದ ಮಾಡಿದೆ ಎಂದು ಹೇಳಿಕೊಳ್ಳಲು ಮನಸ್ಸಾಗುತ್ತದೆ. ನಿಜವೇನೆಂದರೆ, ಆ ಕೆಂಪು ಗೆರೆಯ ಪುಟ ಕಣ್ಣ ಮುಂದೆ ಬಂದು ಕೈ ಓಡುತ್ತಿರಲಿಲ್ಲ.

ಮರುದಿನ ರಜೆ ಹಾಕಿ ಒಂದು ಸಣ್ಣ ಪೈಥಾನ್ ಪ್ರೋಗ್ರಾಮು ಬರೆದೆ. ಕಷ್ಟದ್ದೇನಲ್ಲ. ಯೂನಿಕೋಡ್‌ನವರು ಭಾರತದ ಲಿಪಿಗಳಿಗೆ ಜಾಗ ಹಂಚುವಾಗ 1988ರ ಇಸ್ಕಿಯ ಕ್ರಮವನ್ನೇ ಆಧಾರವಾಗಿ ಇಟ್ಟುಕೊಂಡಿದ್ದರು. ಹಾಗಾಗಿ ಈ ಬೈಟಿಗೆ ಈ ಅಕ್ಷರ ಎಂದು ಹೆಚ್ಚುಕಡಿಮೆ ನೇರವಾಗಿ ಹೊಂದಿಸಿಕೊಂಡು ಹೋಗಬಹುದು. ಆ ಕಾರ್ಡು ಹೋದರೂ ಅದು ಹಾಕಿದ ಸಾಲು ನಮ್ಮ ಫೋನಿನೊಳಗೆ ಇದೆ. ಇವತ್ತು ನಾನು ಮಗನಿಗೆ ಕನ್ನಡದಲ್ಲಿ ಸಂದೇಶ ಕಳಿಸಿದರೆ ಅಕ್ಷರಗಳು ಹೋಗುವುದು ಅದೇ ಸರದಿಯಲ್ಲಿ. ಪ್ರೋಗ್ರಾಮು ಓಡಿಸಿದೆ. ಸರಳುಗಳು ಕರಗಿ ಹೆಸರುಗಳು ಎದ್ದವು. ಒಂದೊಂದನ್ನೂ ಓದುವಾಗ ನನ್ನ ಕಿವಿಯಲ್ಲಿ ಇನ್ನೊಬ್ಬರ ದನಿ ಇತ್ತು: ಹೊಳೆಯಾಚೆ, ಕೊಳೆ ಬಂದು ಹೋಯ್ತು. ಅವರು ಹೇಳಿದ ಮೊದಲ ಕೆಲವು ವಾರಗಳದ್ದು ನೆನಪಿದೆ. ನಾನು ಬೇಡವೆಂದ ಮೇಲಿನವರ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಹೆಸರು, ನಂಬರು, ಅಷ್ಟೆ.

ಆ ಹೆಣ್ಣುಮಗಳ ಅಮ್ಮ ಅಲ್ಲಿದ್ದರು. ಸರ್ಟಿಫಿಕೇಟಿನ ಮೇಲಿದ್ದ ನಂಬರೇ. ಹೆಸರು, ಕೋಂ, ಗಂಡನ ಹೆಸರಿನ ಅರ್ಧ, ಸೇರಿದ ತಾರೀಖು. ನಂಬರಿನ ಪಕ್ಕ ನಕ್ಷತ್ರ.

ಡಾಸ್‌ಬಾಕ್ಸ್‌ನಲ್ಲಿ ಆ ದಾಖಲೆಗೆ ಹೋದೆ. ರೀಕಾಲ್ ಎಂದು ಹೊಡೆದೆ, ಎಂಟರ್ ಒತ್ತುವುದೊಂದೇ ಬಾಕಿ. ಒಂದು ಕೀಲಿ ಒತ್ತಿದರೆ ನಕ್ಷತ್ರ ಹೋಗುತ್ತಿತ್ತು, ಅವರು ಸದಸ್ಯರಾಗುತ್ತಿದ್ದರು. ಆದರೆ ಆ ಫೈಲಿನ ತಲೆಯಲ್ಲಿ ಮೂರು ಬೈಟಿನಲ್ಲಿ ಕೊನೆಯ ಸಲ ತಿದ್ದಿದ ತಾರೀಖು ಇರುತ್ತದೆ. 1999ರದ್ದು ಹೋಗಿ ಇವತ್ತಿನದು ಬರುತ್ತಿತ್ತು. ಮುಟ್ಟಿದ ಮೇಲೆ ಅದು ಸಂಘದ ಲೆಕ್ಕವಲ್ಲ, ನನ್ನ ಲೆಕ್ಕ. ಒಂದೊಂದೇ ಅಕ್ಷರ ಹಿಂದೆ ಬಂದು ಅಳಿಸಿದೆ. ನಕ್ಷತ್ರ ಇದ್ದ ಹಾಗೆಯೇ ಪರದೆಯ ಚಿತ್ರ ತೆಗೆದೆ, ಸರಳುಗಳ ರೂಪದಲ್ಲಿ ಒಂದು, ಕನ್ನಡದಲ್ಲಿ ಒಂದು.

ರಾತ್ರಿ ಫೋನ್ ಮಾಡಿದೆ. ನಿಮ್ಮ ಅಮ್ಮ ಸದಸ್ಯರಾಗಿದ್ದರು, ಇಂಥ ವರ್ಷ ಸೇರಿದರು, 1997ರಲ್ಲಿ ಪಟ್ಟಿಯಿಂದ ಬಿಟ್ಟರು, ಬಿಡಿಸಿದ ಕೈ ನನ್ನದು ಎಂದು ಹೇಳಿದೆ. ಅಪ್ಪನ ಹೆಸರು ಅರ್ಧವಾಗಿರುವುದಕ್ಕೆ ಕಾರಣವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಅಡಿಕೆ ತಂದು ಹಾಕ್ತಿದ್ದಳಾ ಅವಳು? ಅದೂ ಇದೆಯಾ?" ಎಂದರು.

ಇತ್ತು. ಇನ್ನೊಂದು ಫೈಲಿನಲ್ಲಿ, ಸದಸ್ಯರ ನಂಬರಿನ ಕೆಳಗೆ. ತಾರೀಖು, ದರ್ಜೆ, ಕಿಲೋ, ದರ. ಓದತೊಡಗಿದೆ. 1993ರ ಡಿಸೆಂಬರ್, ಗೊರಬಲು, ಆರು ಕಿಲೋ. 1994ರ ಮೇ, ಗೊರಬಲು, ಒಂಬತ್ತು ಕಿಲೋ.

"ಮೇ ತಿಂಗಳಾ?" ಎಂದರು. "ನಂಗೆ ಹೈಸ್ಕೂಲಿಗೆ ಸೇರಿಸಿದ್ದು ಆ ವರ್ಷ. ಹೊಸ ಕೊಡೆ ತಂದಿದ್ದಳು. ಅಪ್ಪನ್ನ ಕೇಳಿರಲಿಲ್ಲ."

ನಾನು ಸುಮ್ಮನಿದ್ದೆ.

"ಮುಂದಿನದು ಓದಿ ಮೇಡಂ. ನಿಧಾನ ಓದಿ."

1994ರ ನವೆಂಬರ್, ಗೊರಬಲು, ಏಳು ಕಿಲೋ.